ಅಕ್ಕ ಬರೆದ ಸಾಲುಗಳಿಗೆ ನಾನು ಕೊಟ್ಟ ಹೆಸರುಗಳು

ಪದ್ಯದೊಳಗಿನ ಅಲಂಕಾರ ಗುರುತಿಸುವುದು ನನಗಿಂತ ನನ್ನ ಅಕ್ಕನಿಗೆ ಚೆನ್ನಾಗಿ ಬರುತ್ತಿತ್ತು. ನಾನು ಅದನ್ನೇ ಓದಿ ಡಿಗ್ರಿ ಪಡೆದೆ, ಅದನ್ನೇ ಪಾಠ ಹೇಳಿ ಬದುಕಿದೆ. ಅವಳ ಓದು ಪಿಯುಸಿಗೆ ನಿಂತಿತು.

ನಮ್ಮೂರು ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿದೆ. ನಾವು ಓದುತ್ತಿದ್ದ ಕಾಲದಲ್ಲಿ ಊರಿನ ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ. ಮನೆಯ ಹಿಂದಿನ ಕೋಣೆಯಲ್ಲಿ ವರ್ಷಕ್ಕೆ ನಾಲ್ಕೈದು ಸಲ ರೇಷ್ಮೆ ಹುಳ ಸಾಕುತ್ತಿದ್ದೆವು. ಸಂಜೆ ಸ್ಕೂಲಿನಿಂದ ಬಂದು ಅಕ್ಕನೂ ನಾನೂ ಸೊಪ್ಪು ಹೆಚ್ಚಲು ಕೂರುತ್ತಿದ್ದೆವು. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳ ಹತ್ತನೇ ಕ್ಲಾಸಿನ ವ್ಯಾಕರಣವೆಲ್ಲ ನನಗೆ ಆರನೇ ಕ್ಲಾಸಿಗೇ ಬಾಯಿಗೆ ಬಂದಿತ್ತು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಅಕ್ಕ ಒಪ್ಪಿಸುತ್ತಿರಲಿಲ್ಲ. ಕಂಡದ್ದಕ್ಕೆಲ್ಲ ಅದನ್ನು ಹಚ್ಚಿ ನೋಡುತ್ತಿದ್ದಳು.

"ಹುಳ ಸೊಪ್ಪು ತಿನ್ನೋ ಸದ್ದು ಹೆಂಗೈತೆ ಹೇಳೋ."

"ಮಳೆ ಬಂದಂಗೆ."

"ಅದು ಎಲ್ಲಾರೂ ಹೇಳೋದು. ನಿಂದು ಹೇಳು."

ನಾನು ಸೊಪ್ಪು ಹೆಚ್ಚುತ್ತಲೇ ಇರುತ್ತಿದ್ದೆ. ಅವಳು ಕತ್ತಿ ಕೆಳಗಿಟ್ಟು ಕಿವಿಗೊಟ್ಟು ಕೇಳಿ, "ನೂರು ಜನ ಹೊಸ ಬಟ್ಟೆ ಉಟ್ಕೊಂಡು ಒಂದೇ ಸಲ ಕೂತ್ಕೊಂಡಂಗೈತೆ" ಅನ್ನುತ್ತಿದ್ದಳು. ಕೇಳಿದರೆ ನಿಜವಾಗಿಯೂ ಹಾಗೇ ಇರುತ್ತಿತ್ತು.

ಪಿಯುಸಿಯಲ್ಲಿ ಅವಳಿಗೆ ಇಂಗ್ಲಿಷಿನಲ್ಲೇ ಹೆಚ್ಚು ಅಂಕ ಬಂದವು. ಮುಂದೆ ಓದುತ್ತೇನೆಂದು ಒಂದು ವಾರ ಕೇಳಿದಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಉತ್ತರವನ್ನೇ ಕೊಡಲಿಲ್ಲ. ಎಂಟನೇ ದಿನ ನಮ್ಮ ತಾಲೂಕಿನದೇ ವಿಜಯಪುರದಿಂದ ಹೆಣ್ಣು ನೋಡಲು ಬಂದರು. ಅಪ್ಪ ರೇಷ್ಮೆ ಗೂಡು ಮಾರುತ್ತಿದ್ದ ಮಾರ್ಕೆಟ್ಟಿನಲ್ಲಿ ಪರಿಚಯವಾಗಿದ್ದ ಮನೆಯವರು. ಅವರದು ನೂಲು ಬಿಚ್ಚುವ ಕೆಲಸ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆ ಹಿಡಿದು ಚರಕಕ್ಕೆ ಸುತ್ತುವುದು. ಮನೆಗೇ ಸೇರಿದಂತೆ ಒಂದು ಶೆಡ್ಡು, ನಾಲ್ಕು ಒಲೆ. ಬಾವ ಮಿತಭಾಷಿ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆ ಮನೆಯಲ್ಲಿ ಅಕ್ಕನನ್ನು ಯಾರೂ ಹಿಂಸಿಸಲಿಲ್ಲ. ಅತ್ತೆ, ನಾದಿನಿ ಕೂತ ಒಲೆಯ ಪಕ್ಕದಲ್ಲೇ ಅವಳೂ ಕೂತಳು, ಅಷ್ಟೆ.

ನಾನು ದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಬಿಎಗೆ ಸೇರಿದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡವರು ಒಂಬತ್ತು ಮಂದಿ. ಹಾಗೆ ತೆಗೆದುಕೊಂಡರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಪಾಠಕ್ಕಿದ್ದವರು ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಕವಿಗಳು. ಗಾಳಿ, ಮೋಡ, ಹಕ್ಕಿ, ಹಾಳುಬಿದ್ದ ಗೋಡೆ, ಇವುಗಳ ಜೊತೆ ಮಾತಾಡಿದವರು. ರೊಮ್ಯಾಂಟಿಕ್ ಅಂದರೆ ಪ್ರೀತಿ ಪ್ರೇಮವೆಂದು ಕಾದಿದ್ದ ನಮ್ಮ ಕ್ಲಾಸಿಗೆ ಭಾರಿ ನಿರಾಸೆಯಾಯಿತು.

ಪಾಠ ಮಾಡುತ್ತಿದ್ದ ಮೇಷ್ಟ್ರು ದಿನಾ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಣಕಲು ಮನುಷ್ಯ, ಐವತ್ತರ ಆಸುಪಾಸು. ಪ್ರತಿ ಪದ್ಯಕ್ಕೂ ಮೊದಲು, "ಪೆನ್ಸಿಲ್ ಕೆಳಗಿಡಿ. ಒಂದು ಸಲ ಸುಮ್ಮನೆ ಕೇಳಿ. ಹೆಸರು ಆಮೇಲೆ" ಅನ್ನುತ್ತಿದ್ದರು. ನಾವು ಪೆನ್ಸಿಲ್ ಕೆಳಗಿಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಸಾಲು ಕೊಟ್ಟು ಅದರೊಳಗಿನ ಅಲಂಕಾರ ಯಾವುದೆಂದು ಕೇಳುತ್ತಾರೆ, ಅದೊಂದೇ ಖಾತ್ರಿ ಅಂಕ ಎನ್ನುವುದು ನಮಗೆ ಗೊತ್ತಿತ್ತು. ಸಾಲಿನ ಪಕ್ಕದಲ್ಲಿ ಉಪಮೆಗೆ ಒಂದು ಗೀಟು, ರೂಪಕಕ್ಕೆ ಎರಡು. ಜೀವವಿಲ್ಲದ್ದಕ್ಕೆ ಜೀವ ಕೊಟ್ಟರೆ ಒಂದು ಸೊನ್ನೆ. ಎದುರಿಗೆ ಇಲ್ಲದ್ದನ್ನು ಕರೆದು ಮಾತಾಡಿಸಿದರೆ ಒಂದು ಕತ್ತರಿ ಗುರುತು. ಈ ಗುರುತು ಹಾಕುವುದರಲ್ಲಿ ಕ್ಲಾಸಿಗೇ ನಾನು ಚುರುಕು. ಸಾಲು ಓದಿ ಮುಗಿಯುವ ಮೊದಲೇ ನನ್ನ ಕೈ ಗೀಟೆಳೆದಿರುತ್ತಿತ್ತು.

ಎರಡನೇ ವರ್ಷದ ದಸರಾ ರಜೆಯಲ್ಲಿ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಪದ್ಯದ ಪುಸ್ತಕ ತರಬೇಕೆಂದು ಅವಳೇ ಹೇಳಿ ಕಳಿಸಿದ್ದಳು. ಶೆಡ್ಡಿನೊಳಗೆ ಕಾಲಿಟ್ಟರೆ ಹಬೆಗೆ ಕನ್ನಡಕ ಮಂಜಾಯಿತು. ಬೆಂದ ಹುಳದ ವಾಸನೆ ಗಂಟಲಿಗೆ ಹತ್ತಿತು. ಹಿಂದಿನ ಗೋಡೆಗೆ ಕಿಟಕಿಯಿರಲಿಲ್ಲ. ಗಾಳಿ ಬಂದರೆ ಎಳೆ ತುಂಡಾಗುತ್ತದೆಂದು ಬಾಗಿಲನ್ನೂ ಅರ್ಧ ಮುಚ್ಚಿದ್ದರು. ಅಕ್ಕ ಕುದಿಯುವ ನೀರಿಗೆ ಬೆರಳದ್ದಿ ಎಳೆ ಹುಡುಕುತ್ತಿದ್ದಳು. ಬೆರಳ ತುದಿಗಳು ಬೆಳ್ಳಗೆ ನೆನೆದು ಬಿರಿದಿದ್ದವು. ನನ್ನನ್ನು ಕಂಡು ಎದ್ದಳು, ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಏನಕ್ಕಾ ಇದು?"

"ಹೊಗೆ ಕಣೋ. ಎಲ್ಲಾರ್ಗೂ ಐತೆ. ನಡಿ ಆಚೆಗೆ."

ಹಿತ್ತಲಿನ ಕಲ್ಲಿನ ಮೇಲೆ ಕೂತು ಪುಸ್ತಕ ತೆರೆದೆವು. ಕವಿಯೊಬ್ಬ ಗಾಳಿಯನ್ನು ಕರೆದು ಮಾತಾಡುವ ಪದ್ಯವನ್ನು ಅವಳಿಗೆ ಬಿಡಿಸಿ ಹೇಳಿದೆ. ಹಾಗೆ ಕೂಗಿ ಕರೆಯುವುದಕ್ಕೆ ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಅನ್ನುತ್ತಾರೆ ಎಂದೆ.

"ಗಾಳಿಗೆ ಇವನ ಮಾತು ಕೇಳಿಸ್ತದಾ?"

"ಇಲ್ಲ. ಕೇಳಿಸಲ್ಲ ಅಂತ ಅವನಿಗೂ ಗೊತ್ತು."

"ಕೇಳೋರಿಲ್ದೇ ಇದ್ರೂ ಮಾತಾಡೋದಾ? ಅದಕ್ಕೂ ಒಂದು ಹೆಸರಿಕ್ಕವ್ರಾ?" ಎಂದು ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಗಂಟೆಯಲ್ಲಿ ನನಗಿಂತ ಹೆಚ್ಚು ಗುರುತು ಹಾಕಿದಳು. ಎರಡು ಕಡೆ ನನ್ನ ಗೀಟನ್ನು ಅಳಿಸಿ ತಿದ್ದಿದಳು. ಹೊರಡುವಾಗ, "ನಾನು ಕಾರ್ಡು ಬರೀತೀನಿ. ಕೊನೇಲಿ ಒಂದು ಸಾಲು ಹಾಕಿರ್ತೀನಿ. ಯಾವುದು ಅಂತ ಕಂಡ್ಹಿಡಿದು ಬರಿ. ಇಲ್ಲಾಂದ್ರೆ ನಂಗೆ ಎಲ್ಲಾ ಮರ್ತೋಗ್ತದೆ" ಅಂದಳು.

ಹಾಗೆ ಆ ಆಟ ಶುರುವಾಯಿತು. ನಾನಿದ್ದ ಹಾಸ್ಟೆಲಿಗೆ ಹದಿನೈದು ದಿನಕ್ಕೊಂದು ಕಾರ್ಡು ಬರುತ್ತಿತ್ತು. ಬರೆಯುತ್ತಿದ್ದದ್ದು ಯಾರು ಬೇಕಾದರೂ ಓದಬಹುದಾದ ಅಂಚೆ ಕಾರ್ಡಿನಲ್ಲಿ. ಅವಳ ಮಾವ ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅದನ್ನು ಡಬ್ಬಕ್ಕೆ ಹಾಕುತ್ತಿದ್ದರು. ಹಾಕುವ ಮೊದಲು ಓದುತ್ತಲೂ ಇದ್ದರು, ಅದರಲ್ಲಿ ತಪ್ಪೇನೂ ಇದೆಯೆಂದು ಅವರಿಗೆ ಅನಿಸುತ್ತಿರಲಿಲ್ಲ. ಕಾರ್ಡಿನ ತುಂಬ ಎಲ್ಲರೂ ಕ್ಷೇಮ, ನೀನು ಚೆನ್ನಾಗಿ ಓದು, ಅವ್ವನ ಕಾಲುನೋವು ಹೇಗಿದೆ ಎಂದು ಇರುತ್ತಿತ್ತು. ಕೆಳಗೆ ಒಂದು ಗೆರೆ ಎಳೆದು, ಅದರ ಕೆಳಗೆ ನಾನು ಹೆಸರು ಹೇಳಬೇಕಾದ ಸಾಲು.

ಮೊದಮೊದಲ ಸಾಲುಗಳು ಹಗುರವಾಗಿದ್ದವು. ನಾದಿನಿಯ ಮೂಗಿನ ಬಗ್ಗೆ ಒಂದು, ಬಸ್ಸಿನ ಕಂಡಕ್ಟರನ ಸಿಟ್ಟಿನ ಬಗ್ಗೆ ಒಂದು. ಕಾರ್ತಿಕ ಮಾಸದ ಹೊತ್ತಿಗೆ ಬಂದ ಸಾಲು ಹೀಗಿತ್ತು: "ನನ್ನ ಎದೆಯೊಳಗೆ ಒಂದು ಹಕ್ಕಿ ಸೇರಿಕೊಂಡಿದೆ. ಬೆಳಗಿನ ಜಾವ ಸೀಟಿ ಹಾಕಿ ನನ್ನನ್ನು ಎಬ್ಬಿಸುತ್ತದೆ."

ನಾನು ತಿರುಗಿ ಬರೆದೆ: "ರೂಪಕ. ತುಂಬಾ ಚೆನ್ನಾಗಿದೆ. ಹತ್ತಕ್ಕೆ ಒಂಬತ್ತು."

ಮುಂದಿನದು: "ನಮ್ಮ ಮನೆಯ ಮೆಟ್ಟಿಲು ಬೆಳೆಯುತ್ತಿವೆ. ಮೊದಲು ಎಂಟಿದ್ದವು, ಈಗ ಎಂಬತ್ತು." ನಾನು ಬರೆದೆ: "ಅತಿಶಯೋಕ್ತಿ. ಮೆಟ್ಟಿಲಿಗೆ ಜೀವ ಬಂದಿರುವುದರಿಂದ ಇನ್ನೊಂದೂ ಇದೆ."

ಚಳಿಗಾಲ ಜೋರಾದಾಗ: "ನೀರಿಲ್ಲದ ಬಾವಿಯಲ್ಲಿ ಮುಳುಗಿದವಳ ಹಾಗೆ ಎದ್ದು ಕೂರುತ್ತೇನೆ." ಉಪಮೆ ಎಂದು ಬರೆದೆ. ಉಪಮಾವಾಚಕ 'ಹಾಗೆ' ಎಂದೂ ಸೇರಿಸಿದೆ.

ಸಂಕ್ರಾಂತಿ ಕಳೆದ ಮೇಲೆ: "ಗಾಳಿಯೇ, ನಮ್ಮ ಮನೆಯ ದಾರಿ ನಿನಗೆ ಮರೆತುಹೋಯಿತೇ?"

ಈ ಸಾಲಿಗೆ ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ನಾನು ಹೇಳಿಕೊಟ್ಟದ್ದನ್ನು ನನಗಿಂತ ಚೆನ್ನಾಗಿ ಮಾಡಿದ್ದಳು. ಕೊನೆಯ ನಾಲ್ಕು ಕಾರ್ಡನ್ನು ಮೇಷ್ಟ್ರಿಗೆ ತೋರಿಸಿದೆ. ಮೆಚ್ಚುತ್ತಾರೆ, ಹೇಳಿಕೊಟ್ಟವನೆಂದು ನನ್ನನ್ನೂ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು ಒಂದೊಂದನ್ನೇ ಓದಿದರು. ತಾರೀಖಿನ ಪ್ರಕಾರ ಜೋಡಿಸಿ ಇನ್ನೊಂದು ಸಲ ಓದಿದರು.

"ನಿಮ್ಮಕ್ಕ ಹುಷಾರಾಗಿದ್ದಾರಾ?"

"ಚೆನ್ನಾಗವ್ಳೆ ಸಾರ್."

"ನೀನು ನೋಡಿ ಎಷ್ಟು ದಿನ ಆಯ್ತು?"

"ದಸರಾದಲ್ಲಿ ನೋಡಿದ್ದೆ ಸಾರ್. ಇದು ಆಟ. ಅವಳು ಸಾಲು ಬರೀತಾಳೆ, ನಾನು ಹೆಸರು ಹೇಳ್ತೀನಿ."

"ಒಂದ್ಸಲ ಹೋಗಿ ನೋಡ್ಕೊಂಡು ಬಾಪ್ಪಾ."

ಹೂಂ ಅಂದೆ. ನನಗೆ ಒಳಗೇ ಸಿಟ್ಟು ಬಂದಿತ್ತು. ಸಾಲು ಹೇಗಿದೆ ಎಂದು ಅವರು ಒಂದು ಮಾತೂ ಹೇಳಲಿಲ್ಲವಲ್ಲ ಎಂದು. ವಿಜಯಪುರ ದೇವನಹಳ್ಳಿಯಿಂದ ಎಷ್ಟು ದೂರ? ಬಸ್ಸು ಹತ್ತಿದರೆ ಅರ್ಧ ಗಂಟೆ. ಆ ಭಾನುವಾರ ಹೋಗಲಿಲ್ಲ, ಕ್ರಿಕೆಟ್ ಮ್ಯಾಚಿತ್ತು. ಮುಂದಿನ ಭಾನುವಾರ ಯಾಕೆ ಹೋಗಲಿಲ್ಲವೋ ನೆನಪಿಲ್ಲ. ಆಮೇಲೆ ಪರೀಕ್ಷೆ ಹತ್ತಿರ ಬಂತೆಂಬ ನೆಪ ಸಿಕ್ಕಿತು. ಗಾಳಿಯ ಸಾಲಿಗೆ ಉತ್ತರವನ್ನಂತೂ ಅದೇ ದಿನ ಹಾಕಿದ್ದೆ: "ಅಪಾಸ್ಟ್ರಫಿ. ಹತ್ತಕ್ಕೆ ಹತ್ತು."

ಅದಾದ ಮೇಲೆ ಕಾರ್ಡು ಬರಲಿಲ್ಲ. ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಬಾವ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಅವರ ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಮೇಷ್ಟ್ರು ಅವರ ಮುಖ ನೋಡಿದವರು ನನ್ನ ಕಡೆ ತಿರುಗಿ, ಹೋಗು ಎಂದು ಕೈಯಲ್ಲೇ ಹೇಳಿದರು.

ದಾರಿಯಲ್ಲಿ ಬಾವ ಹೇಳಿದ್ದು ಇಷ್ಟು. ಒಂದು ತಿಂಗಳಿಂದ ಕೆಮ್ಮು ಹೆಚ್ಚಾಗಿತ್ತು. ಊರಿನ ಡಾಕ್ಟರ ಹತ್ತಿರ ಔಷಧಿ ತಂದಿದ್ದರು. ನಿನ್ನೆ ಮಧ್ಯಾಹ್ನ ಒಲೆಯ ಮುಂದೆಯೇ ಉಸಿರು ಕಟ್ಟಿ ಬಿದ್ದಳು. ಬಾಡಿಗೆ ವ್ಯಾನಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ, ಅಪ್ಪ ಅವ್ವನಿಗೆ ಹೇಳಿ ಕಳಿಸಿ, ಈಗ ನನ್ನನ್ನು ಕರೆಯಲು ಬಂದಿದ್ದರು.

ಮಂಚದ ಮೇಲೆ ಅಕ್ಕ ಮಲಗಿರಲಿಲ್ಲ, ಕೂತಿದ್ದಳು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಎರಡೂ ಕೈ ಹಾಸಿಗೆಗೆ ಊರಿ, ಭುಜ ಎತ್ತಿ ಎತ್ತಿ ಗಾಳಿ ಎಳೆಯುತ್ತಿದ್ದಳು. ಮೂಗಿನ ಮೇಲೆ ಆಮ್ಲಜನಕದ ಮಾಸ್ಕು. ಅದರೊಳಗಿಂದ ಸಣ್ಣ, ಚೂಪಾದ ಒಂದು ಸೀಟಿ ಹೊರಗೆ ಬರುತ್ತಿತ್ತು. ಹಕ್ಕಿಯ ಹಾಗೇ ಇತ್ತು. ಅವಳು ಒಂದು ಮಾತನ್ನೂ ಹೆಚ್ಚು ಮಾಡಿ ಬರೆದಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮನ್ನು ವಾರ್ಡಿನ ಹೊರಗೆ ಕರೆದರು.

"ಉಸಿರಾಟದ ತೊಂದರೆ ಎಷ್ಟು ದಿನದಿಂದ ಇದೆ?"

"ಒಂದು ತಿಂಗಳು ಆಗಿರ್ಬೋದು ಮೇಡಂ" ಅಂದರು ಬಾವ.

"ಒಂದು ತಿಂಗಳಲ್ಲಿ ಹೀಗಾಗಲ್ಲ. ಬೆಳಗಿನ ಜಾವ ಎದ್ದು ಕೂರ್ತಿದ್ರಾ? ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ರಾ? ಯಾರ ಹತ್ತಿರಾನೂ ಹೇಳ್ಕೊಂಡಿಲ್ವಾ?"

"ಯಾರ್ ಹತ್ರಾನೂ ಹೇಳಿಲ್ಲ ಮೇಡಂ."

ನಾನು ಅಲ್ಲೇ ನಿಂತಿದ್ದೆ. ಅವರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಅಂಚೆಯ ಮುದ್ರೆಯ ಸಮೇತ ನನ್ನ ಟ್ರಂಕಿನಲ್ಲಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಹೊತ್ತಿಗೆ ಏನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅಂದು ಸುಮ್ಮನಿದ್ದದ್ದು ಅದಕ್ಕಲ್ಲ. ಬಾವನ ಎದುರು, ಅಪ್ಪನ ಎದುರು ಸಿಕ್ಕಿಬೀಳುವ ಹೆದರಿಕೆಗೆ.

ನೂಲು ಬಿಚ್ಚುವವರಲ್ಲಿ ಈ ಕಾಯಿಲೆ ಬರುತ್ತದೆ, ಗೂಡಿನ ಹಬೆ, ಧೂಳು ಕೆಲವರ ಎದೆಗೆ ಆಗುವುದಿಲ್ಲ, ಮೊದಲೇ ಒಲೆಯಿಂದ ಎಬ್ಬಿಸಿದ್ದರೆ ಉಳಿಸಬಹುದಾಗಿತ್ತು ಎಂದು ಡಾಕ್ಟರು ಹೇಳಿದರು. ಹೇಳಿ, ಬಾವನ ಮುಖ ನೋಡಿ, ಪ್ರಯತ್ನ ಮಾಡ್ತಿದ್ದೀವಿ ಎಂದು ಸೇರಿಸಿದರು.

ಮಾರನೇ ದಿನ ಮಧ್ಯಾಹ್ನ ಅವ್ವ ಕಾಫಿ ತರಲು ಕೆಳಗೆ ಹೋಗಿದ್ದಾಗ ಅಕ್ಕ ಮಾಸ್ಕು ಸರಿಸಿ ನನ್ನನ್ನು ಹತ್ತಿರ ಕರೆದಳು.

"ಪರೀಕ್ಷೆ... ಯಾವಾಗ?"

"ಇನ್ನೂ ಮೂರು ವಾರ ಐತೆ."

"ಇಲ್ಲೇನ್ ಮಾಡ್ತಾ ಇದ್ದೀಯ? ಹೋಗ್... ಓದ್ಕೋ ಹೋಗು."

"ಅಕ್ಕಾ, ಆ ಕಾರ್ಡು..."

ಅವಳು ನನ್ನ ಮುಖವನ್ನೇ ನೋಡಿದಳು. ಉತ್ತರ ಕೊಡಲು ಉಸಿರಿರಲಿಲ್ಲವೋ, ಕೊಡುವುದು ಬೇಡವೆನಿಸಿತೋ ತಿಳಿಯದು. ಮಾಸ್ಕನ್ನು ಮತ್ತೆ ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹೋಗಿಬಿಟ್ಟಳು. ಅವಳಿಗೆ ಇಪ್ಪತ್ನಾಲ್ಕು ವರ್ಷ.

ಆ ಕಾರ್ಡುಗಳಲ್ಲಿ ಅವಳು ಆಡುತ್ತಿದ್ದಳೋ ಕೂಗುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಓದುವ ಕಾರ್ಡಿನಲ್ಲಿ ಕಷ್ಟವನ್ನು ನೇರವಾಗಿ ಬರೆಯಲಾಗದೆ ಗೆರೆಯ ಕೆಳಗೆ ಬಚ್ಚಿಟ್ಟಳೋ, ಅಥವಾ ಸಿಕ್ಕಿದ ಕಷ್ಟದಿಂದಲೇ ಒಂದು ಒಳ್ಳೆಯ ಸಾಲು ಮಾಡುವ ಸಂತೋಷಕ್ಕೆ ಬರೆದಳೋ. ಎರಡೂ ಇರಬಹುದು. ಯಾವುದೇ ಆಗಿದ್ದರೂ ಅದನ್ನು ಓದಲು ಅವಳಿಗಿದ್ದವನು ನಾನೊಬ್ಬ.

ಹನ್ನೊಂದನೇ ದಿನದ ತಿಥಿಗೆ ವಿಜಯಪುರಕ್ಕೆ ಹೋದಾಗ ಬಾವ ಶೆಡ್ಡಿನ ಹಿಂದಿನ ಗೋಡೆ ಒಡೆಯುತ್ತಿದ್ದರು. ಆಳುಗಳಿಲ್ಲ, ಒಬ್ಬರೇ ಹಾರೆ ಹಿಡಿದಿದ್ದರು. ಒಳಗೆ ನೆಂಟರು ಊಟಕ್ಕೆ ಕೂತಿದ್ದರು. ನಾನು ಹತ್ತಿರ ಹೋದೆ. ಹಾರೆ ನಿಲ್ಲಿಸದೆಯೇ ಅವರು ಹೇಳಿದರು, "ನಂಗೆ ಸೀಟಿ ಸದ್ದು ಕೇಳಿಸ್ತಿತ್ತು ಕಣಪ್ಪಾ. ಚರಕದ್ದು ಅಂದ್ಕೊಂಡೆ. ಅಲ್ಲ, ಚರಕದ್ದು ಅಂತ ನಂಗೆ ನಾನೇ ಹೇಳ್ಕೊಂಡೆ. ಚರಕ ನಿಲ್ಸಿದ್ಮೇಲೂ ಕೇಳಿಸ್ತಿತ್ತಲ್ಲ." ನನ್ನ ಕಾರ್ಡುಗಳ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಯಾರೋ ಊಟಕ್ಕೆ ಕರೆದರು. ಹೋದೆ.

ಪರೀಕ್ಷೆ ಬರೆದೆ. ನಾಲ್ಕು ಸಾಲು ಕೊಟ್ಟು ಅಲಂಕಾರ ಗುರುತಿಸಿರಿ ಎಂದು ಕೇಳಿದ್ದರು. ಬರೆಯಲಾಗುವುದಿಲ್ಲ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಎಲ್ಲವನ್ನೂ ಸರಿಯಾಗಿ ಬರೆದೆ, ಅಂದವಾದ ಅಕ್ಷರದಲ್ಲಿ. ಆ ಪತ್ರಿಕೆಯಲ್ಲಿ ಕಾಲೇಜಿಗೇ ಹೆಚ್ಚು ಅಂಕ ನನಗೆ ಬಂದವು. ಮೇಷ್ಟ್ರು ಅಭಿನಂದನೆ ಹೇಳಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಮುಂದೆ ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ರಜೆಯಲ್ಲಿ ಊರಿಗೆ ಹೋದೆ. ಟ್ರಂಕಿನಿಂದ ಬಟ್ಟೆ ತೆಗೆಯುತ್ತಿದ್ದ ಅವ್ವನ ಕೈಗೆ ಕಾರ್ಡುಗಳ ಕಟ್ಟು ಸಿಕ್ಕಿತು. ಅವ್ವನಿಗೆ ಓದು ಬಾರದು. ಆದರೂ ಅಕ್ಷರ ನೋಡಿದ ಕೂಡಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಇದು ಅವ್ಳು ಬರ್ದಿದ್ದಲ್ವಾ ಮಗ? ಏನ್ ಬರ್ದವ್ಳೆ, ಓದು."

ಗೆರೆಯ ಮೇಲಿನದನ್ನಷ್ಟೇ ಓದಿ ಮುಗಿಸಿದೆ. ಅವ್ವ ಕಾರ್ಡಿನ ಕೆಳಭಾಗದ ಮೇಲೆ ಬೆರಳಿಟ್ಟಳು. "ಇಲ್ಲೂ ಐತಲ್ಲ. ಇದನ್ಯಾಕೆ ಬಿಟ್ಟೆ?"

ಓದಿದೆ. ಹಕ್ಕಿ, ಮೆಟ್ಟಿಲು, ಬಾವಿ, ಗಾಳಿ. ಒಂದಾದ ಮೇಲೊಂದು, ಮೊದಲ ಬಾರಿಗೆ ಕೈಯಲ್ಲಿ ಪೆನ್ಸಿಲ್ ಇಲ್ಲದೆ.

ಅವ್ವ ಕಾರ್ಡುಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ, "ಉಸ್ರು ಕಟ್ತಾ ಐತೆ ಅಂತಾವ್ಳಲ್ಲೋ" ಅಂದಳು. "ಇದ್ರಾಗೆ ತಿಳೀದಂಗೆ ಏನೈತೆ?"

ಏನೂ ಇರಲಿಲ್ಲ. ಇದು ಆಟವಾಗಿತ್ತು, ನಾನು ಇದಕ್ಕೆ ಅಂಕ ಕೊಡುತ್ತಿದ್ದೆ ಎಂದು ಎಲ್ಲವನ್ನೂ ಹೇಳಿದೆ. ಅವ್ವ ಅಳಲಿಲ್ಲ, ಶಪಿಸಲಿಲ್ಲ. ಕಾರ್ಡುಗಳನ್ನು ನನ್ನ ಮಡಿಲಿಗೆ ಹಾಕಿ, "ಇವನ್ನ ಮನ್ಯಾಗೆ ಇಕ್ಕಬ್ಯಾಡ" ಎಂದು ಎದ್ದು ಒಳಗೆ ಹೋದಳು. ಆ ಬೇಸಿಗೆಯೆಲ್ಲ ನನಗೆ ಊಟಕ್ಕಿಟ್ಟಳು, ಬಟ್ಟೆ ಒಗೆದಳು, ಮಾತಾಡಲಿಲ್ಲ. ಮಳೆಗಾಲಕ್ಕೆ ಅಪ್ಪ ಹುಳದ ಮೊಟ್ಟೆ ತಂದಾಗ ಸಾಕುವುದಿಲ್ಲ ಎಂದು ಹಠ ಹಿಡಿದು ವಾಪಸು ಕಳಿಸಿದಳು. ಮುಂದಿನ ವರ್ಷ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದೆವು.

ಎರಡು ವರ್ಷದ ಮೇಲೆ ಬಾವ ಮತ್ತೆ ಮದುವೆಯಾದರು. ನಮ್ಮನ್ನು ಕರೆದರು, ಅಪ್ಪ ಒಬ್ಬರೇ ಹೋಗಿಬಂದರು. ಎಂಎ ಮುಗಿಸಿ ಹೊಸಕೋಟೆಯ ಕಡೆ ಕೆಲಸ ಸಿಕ್ಕ ವರ್ಷ ನಾನೂ ಒಮ್ಮೆ ವಿಜಯಪುರಕ್ಕೆ ಹೋದೆ. ಕಾರ್ಡುಗಳ ವಿಷಯ ಆಗ ಬಾವನಿಗೆ ಹೇಳಿದೆ. ಅವರು ಕೇಳಿ, "ಇಬ್ರೂ ಸೇರೇ ಅವ್ಳನ್ನ ಕೈ ಬಿಟ್ಬಿಟ್ವಿ ಅನ್ನು" ಅಂದರು, ಅಷ್ಟೆ. ಹೊಸ ಹೆಂಡತಿಯನ್ನು ಅವರು ಶೆಡ್ಡಿನೊಳಕ್ಕೆ ಬಿಟ್ಟಿರಲಿಲ್ಲ. ಅಕ್ಕ ಕೂರುತ್ತಿದ್ದ ಒಲೆಗೆ ಕೂಲಿಯ ಹೆಂಗಸೊಬ್ಬಳನ್ನು ಇಟ್ಟಿದ್ದರು. ಮೂವತ್ತರ ಹತ್ತಿರದವಳು. ಹಿಂದಿನ ಗೋಡೆಯಲ್ಲಿ ದೊಡ್ಡ ಕಿಟಕಿಯಿತ್ತು. ಎಳೆ ಕಡಿಯುತ್ತದೆಂದು ಅದಕ್ಕೆ ಗೋಣಿಚೀಲ ಕಟ್ಟಿದ್ದರು. ಆ ಹೆಂಗಸು ಬೆನ್ನು ಬಗ್ಗಿಸಿ ಕೆಮ್ಮುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಎಷ್ಟು ದಿನದಿಂದ ಹೀಗಿದೆ, ಬೆಳಗಿನ ಜಾವ ಹೆಚ್ಚಾಗುತ್ತದೆಯೇ ಎಂದು ವಿಚಾರಿಸಿದೆ. ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿದಳು.

"ಯಜಮಾನ್ರಿಗೆ ಹೇಳ್ಬೇಡಿ ಸಾರ್. ಕೆಲಸದಿಂದ ಬಿಡಿಸ್ಬಿಡ್ತಾರೆ."

ನಾನು ಹೇಳಿದೆ. ಹೇಳದೆ ಇರುವುದು ಇನ್ನೊಂದು ಸಲ ನನ್ನಿಂದ ಆಗುತ್ತಿರಲಿಲ್ಲ. ಬಾವ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು, ಔಷಧಿ ಕೊಡಿಸಿದರು, ಕೆಲಸ ಬಿಡಿಸಿದರು. ಮುಂದಿನ ಸಲ ಹೋದಾಗ ಆ ಒಲೆ ಉರಿಯುತ್ತಿರಲಿಲ್ಲ. ಅವಳು ಎಲ್ಲಿದ್ದಾಳೆ ಎಂದು ಕೇಳಿದೆ. ಹಿಂದಿನ ಬೀದಿಯಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ನೂಲು ಬಿಚ್ಚುತ್ತಿದ್ದಾಳೆ ಎಂದರು ಬಾವ. ಅಲ್ಲಿಗೆ ಹೋದೆ. ನನ್ನನ್ನು ಕಂಡ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಾನು ಅಲ್ಲಿಂದ ಹೋಗುವವರೆಗೂ ಕೆಮ್ಮನ್ನು ತಡೆದುಕೊಂಡಳು.